ತೊರೆಯ ತಳದಲ್ಲಿ ಸಾಸಿವೆ

ಐರ್ಲೆಂಡಿನ ನೇಸ್ ಊರಿನ ಅಂಚಿನಲ್ಲಿ ನಾವಿದ್ದ ಮನೆಯ ಹಿಂದೆ, ಎರಡು ಹೊಲ ದಾಟಿದರೆ, ಒಂದು ತೊರೆ ಹರಿಯುತ್ತಿತ್ತು. ತೊರೆ ಎನ್ನುವುದೂ ಕೊಂಚ ದೊಡ್ಡ ಮಾತೇ. ಸೀರೆಯ ನೆರಿಗೆ ಎತ್ತಿ ಹಿಡಿದರೆ ದಾಟಬಹುದಾದಷ್ಟು ನೀರು. ಮ್ಯಾಪಿನಲ್ಲಿ ಅದಕ್ಕೊಂದು ಹೆಸರಿತ್ತು. ಊರಿನವರು ಮಾತ್ರ 'ದಿ ಸ್ಟ್ರೀಮ್' ಎಂದಷ್ಟೇ ಹೇಳುತ್ತಿದ್ದರು, ಪ್ರಪಂಚದಲ್ಲಿ ಇರುವುದು ಇದೊಂದೇ ಎನ್ನುವ ಹಾಗೆ.

ದೇಶಕ್ಕೆ ದಿಢೀರನೆ ಹಣ ಹರಿದು ಬಂದು, ಐರ್ಲೆಂಡನ್ನು ಪೇಪರಿನವರು ಹುಲಿ, ಟೈಗರ್ ಎಂದು ಕೊಂಡಾಡುತ್ತಿದ್ದ ವರ್ಷಗಳವು. ಹೋದ ವಾರ ಬಾರ್ಲಿ ಇದ್ದ ಹೊಲದಲ್ಲಿ ಈ ವಾರ ಕ್ರೇನ್ ನಿಂತಿರುತ್ತಿತ್ತು. ಬಸ್ ಸ್ಟಾಪಿನಲ್ಲಿ, ಪೋಸ್ಟ್ ಆಫೀಸಿನ ಕ್ಯೂನಲ್ಲಿ, ಕೊನೆಗೆ ಚರ್ಚಿನ ಮೆಟ್ಟಿಲ ಮೇಲೂ ಮನೆಗಳದೇ ಮಾತು. ನನ್ನ ಯಜಮಾನರು ಮೈಸೂರಿನಲ್ಲಿ ಓದಿ ಇಲ್ಲಿನ ಆಸ್ಪತ್ರೆಯಲ್ಲಿ ಡಾಕ್ಟರಾಗಿದ್ದವರು. ಬೆಳಿಗ್ಗೆ ಹೋದರೆ ಅವರು ಮನೆಗೆ ಬರುವ ಹೊತ್ತಿಗೆ ನನ್ನ ಸಾರು ಮೂರನೆಯ ಸಲ ಬಿಸಿಯಾಗುತ್ತಿತ್ತು. ನನಗೋ, ಮಾಡಲು ಏನೂ ಇರಲಿಲ್ಲ. ಬೆಂಗಳೂರಿನ ಕಾನ್ವೆಂಟ್ ಕಾಲೇಜಿನಲ್ಲಿ ಸಿಸ್ಟರ್‌ಗಳ ಕೈಕೆಳಗೆ ಜುವಾಲಜಿ ಓದಿದವಳು ನಾನು. ಮದುವೆಯಾದ ಮೇಲೆ ಆ ಡಿಗ್ರಿ ಟ್ರಂಕಿನ ತಳ ಸೇರಿತ್ತು. ಆದರೆ ಕುತೂಹಲ ಎನ್ನುವುದು ಟ್ರಂಕಿನಲ್ಲಿ ಹಿಡಿಸುವ ವಸ್ತುವಲ್ಲ. ಐವತ್ತು ದಾಟಿದ ಮೇಲೂ ಕಲ್ಲೊಂದು ಕಂಡರೆ ಅದನ್ನು ಮಗುಚಿ ಅಡಿಯಲ್ಲಿ ಏನಿದೆ ಎಂದು ನೋಡದೆ ಮುಂದೆ ಹೋಗಲು ನನಗೆ ಆಗುತ್ತಿರಲಿಲ್ಲ.

ಹೀಗಿರುವಾಗ ಸೂಪರ್‌ಮಾರ್ಕೆಟ್ಟಿನ ಬಾಗಿಲಲ್ಲಿ ಒಂದು ನೋಟೀಸು ಕಂಡೆ. ತೊರೆಯ ನೀರು ಕೆಟ್ಟಿದೆ, ಮೀನು ಕಾಣೆಯಾಗಿದೆ, ಅದನ್ನು ಮೊದಲಿನಂತೆ ಮಾಡಬೇಕು, ಅದಕ್ಕೆ ಮುಂಚೆ ನೀರನ್ನು ಪರೀಕ್ಷಿಸಬೇಕು, ಆಸಕ್ತರು ಶನಿವಾರ ಬೆಳಿಗ್ಗೆ ಸೇತುವೆಯ ಬಳಿ ಬನ್ನಿ. ಕೆಳಗೆ ಕೈಬರಹದಲ್ಲಿ, 'ಬೂಟು ನಿಮ್ಮದು, ಬಿಸ್ಕತ್ತು ನಮ್ಮದು' ಎಂದಿತ್ತು. ನಾನು ಹೋಗಿದ್ದು ಬಿಸ್ಕತ್ತಿಗಲ್ಲ ಎಂದರೆ ಯಾರಾದರೂ ನಂಬುತ್ತಾರೋ ಇಲ್ಲವೋ.

ಗುಂಪಿನ ಮುಂದಾಳು ನಿವೃತ್ತ ಸೈನ್ಸ್ ಮಾಸ್ತರರು. ಉದ್ದ ಕಾಲು, ಕೆಂಪು ಮೂಗು, ಸದಾ ಒದ್ದೆಯಾಗಿರುವ ಟೋಪಿ. ಮೊಣಕಾಲಿನ ತನಕದ ರಬ್ಬರ್ ಬೂಟು ಹಾಕಿಕೊಂಡು ತೊರೆಗಿಳಿದು, ನೀರು ಹರಿಯುವ ದಿಕ್ಕಿಗೆ ಬಲೆ ಹಿಡಿದು, ತಳದ ಕಲ್ಲುಗಳನ್ನು ಹಿಮ್ಮಡಿಯಿಂದ ಒದೆಯತೊಡಗಿದರು. ಎದ್ದ ರಾಡಿಯೆಲ್ಲ ಬಲೆಗೆ ಬಂತು. ಅದನ್ನು ಬಿಳಿ ಟ್ರೇಗೆ ಸುರಿದು ಸ್ವಲ್ಪ ಹೊತ್ತು ಸುಮ್ಮನೆ ನಿಂತರು. ರಾಡಿ ತಿಳಿಯಾದದ್ದೇ ತಡ, ಟ್ರೇ ಪೂರ್ತಿ ಜೀವ! ಮರಳಿನ ಕಣಗಳನ್ನು ಒಂದಕ್ಕೊಂದು ಅಂಟಿಸಿ ತನಗೊಂದು ಚೀಲ ಹೊಲಿದುಕೊಂಡು ಅದರೊಳಗೆ ವಾಸಿಸುವ ಕ್ಯಾಡಿಸ್ ಹುಳ. ಪಕ್ಕಕ್ಕೆ ಮಲಗಿಯೇ ಈಜುವ ಸೋಮಾರಿ ಸೀಗಡಿ. ಮೂರು ಬಾಲದ ಮೇಫ್ಲೈ ಮರಿ.

"ಎರಡು ಬಾಲದ್ದು ಇದ್ಯಾ ಹುಡುಕಿ. ಅದು ಸ್ಟೋನ್‌ಫ್ಲೈ. ಭಾರೀ ಮಡಿವಂತ. ನೀರು ಚೂರು ಕೆಟ್ರೂ ಇರಲ್ಲ," ಎಂದರು ಮಾಸ್ತರು.

ಅವರು 'ಮಡಿವಂತ' ಎಂದಿರಲಾರರು, 'ಫಸ್ಸಿ' ಎಂದಿರಬೇಕು. ಆದರೆ ನನ್ನ ನೆನಪಿನಲ್ಲಿ ಅದು ಮಡಿಯಾಗಿಯೇ ಉಳಿದಿದೆ.

"ಇಷ್ಟೆಲ್ಲ ಒದ್ದಾಟ ಯಾಕೆ? ಬಾಟಲಿಗೆ ನೀರು ತುಂಬಿ ಲ್ಯಾಬಿಗೆ ಕಳಿಸಿದ್ರೆ ಸಾಲ್ದಾ?" ಎಂದು ಕೇಳಿದೆ.

"ಬಾಟಲಿ ಅನ್ನೋದು ಫೋಟೋ ಇದ್ದ ಹಾಗೆ, ಮಿಸೆಸ್. ಕ್ಲಿಕ್ ಅನ್ನೋ ಹೊತ್ತಿಗೆ ಎಲ್ರೂ ನಗ್ತಾರೆ. ಈ ಹುಳಗಳು ವರ್ಷಗಟ್ಲೆ ಇಲ್ಲೇ ಬಾಡಿಗೆಗಿರೋರು. ಮನೆ ಹೆಂಗಿದೆ ಅಂತ ಬಾಡಿಗೆದಾರರನ್ನ ಕೇಳ್ಬೇಕು, ಬಿಲ್ಡರನ್ನಲ್ಲ!"

ಎಲ್ಲರೂ ನಕ್ಕರು. ಆ ಕಾಲದಲ್ಲಿ ಆ ಜೋಕಿಗೆ ನಗದವರು ಬಿಲ್ಡರುಗಳು ಮಾತ್ರ.

ಗುಂಪು ಪರೀಕ್ಷೆ ಮಾಡುತ್ತಿದ್ದದ್ದು ಎರಡು ಕಡೆ. ಒಂದು, ತೊರೆಯ ಮೇಲ್ಭಾಗದ ಹಳೆಯ ಗಿರಣಿಯ ಬಳಿ; ಅಲ್ಲಿ ಎರಡು ಬಾಲದ ಮಡಿವಂತರು ಬೇಕಾದಷ್ಟು ಸಿಕ್ಕರು. ಇನ್ನೊಂದು, ಕೆಳಗಿನ ಸೇತುವೆಯ ಬಳಿ. ಅಲ್ಲಿ ಒಬ್ಬರೂ ಇಲ್ಲ. ಬೂದು ಬಣ್ಣದ ನೀರುಹೇನಿನಂಥವು ಮತ್ತು ಕೊಳೆಯಲ್ಲೂ ಹಾಯಾಗಿರುವ ಕೆಂಪು ಹುಳಗಳಷ್ಟೇ. ಅಂದರೆ ಗಿರಣಿಗೂ ಸೇತುವೆಗೂ ನಡುವೆ ಎಲ್ಲೋ ನೀರು ಕೆಡುತ್ತಿತ್ತು. ಆ ನಡುವೆ ಕಣ್ಣಿಗೆ ಕಾಣುತ್ತಿದ್ದದ್ದು ಒಂದೇ: ಒಬ್ಬ ಹೆಂಗಸಿನ ಹೊಲ, ಅವಳ ಹಸುಗಳು ತೊರೆಗಿಳಿದು ನೀರು ಕುಡಿಯುವ ಇಳಿಜಾರು. ಹಸುಗಳು ನೀರು ಕುಡಿಯುವಲ್ಲಿ ಬೇರೇನು ಮಾಡುತ್ತವೆ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ತೀರ್ಮಾನ ಹೆಚ್ಚುಕಡಿಮೆ ಆಗಿಹೋಯಿತು. ಮುಂದಿನ ಗುರುವಾರದ ಸಭೆಯಲ್ಲಿ ಗೊತ್ತುವಳಿ: ತೊರೆಯ ಎರಡೂ ದಡಕ್ಕೆ ಬೇಲಿ, ಬೇಲಿಯೊಳಗೆ ಗಿಡ, ತಳಕ್ಕೆ ಹೊಸ ಜಲ್ಲಿ. ಹಸುಗಳು ಹೊರಗೆ.

ಆ ಹೊಲದೊಡತಿ ನನಗೆ ಮುಖಪರಿಚಯ. ನನ್ನದೇ ವಯಸ್ಸು, ಮದುವೆಯಾಗಿರಲಿಲ್ಲ, ಬೆರಳೆಣಿಕೆಯ ಹಸುಗಳೇ ಅವಳ ಸಂಸಾರ. ಅವಳ ಹೊಲಕ್ಕೆ ತೊರೆ ಬಿಟ್ಟರೆ ಬೇರೆ ನೀರಿರಲಿಲ್ಲ. ಬೇಲಿ ಬಂದರೆ ಹಸು ಮಾರಬೇಕು. ಹಸು ಹೋದರೆ ಹೊಲ ಇಟ್ಟುಕೊಂಡು ಏನು ಮಾಡುವುದು? ಅದು ಖಾಲಿಯಾಗುವುದನ್ನೇ ಕಾದು ಒಂದಿಬ್ಬರು ಆಗಲೇ ಗೇಟಿನ ಬಳಿ ಕಾರು ನಿಲ್ಲಿಸಿ ಅಳತೆಯ ಕಣ್ಣಿನಿಂದ ನೋಡಿ ಹೋಗಿದ್ದರು.

ಭಾನುವಾರ ಗೇಟಿನಲ್ಲಿ ಸಿಕ್ಕಾಗ ಅವಳೇ ಮಾತು ತೆಗೆದಳು.

"ನೀನೂ ಆ ಹುಳದ ಗುಂಪಿನವಳಾ?"

"ಹೂಂ."

"ಹುಳಗಳು ನನ್ನ ಹಸುಗಳ ಮೇಲೆ ಚಾಡಿ ಹೇಳಿದ್ವಂತೆ?"

ಅವಳು ಗೇಟಿನ ಮೇಲೆ ಮೊಣಕೈ ಊರಿದಳು.

"ಒಂದು ಮಾತು ಕೇಳ್ತೀನಿ, ನೀನೇ ಹೇಳು. ನಮ್ಮಜ್ಜನ ಕಾಲದಿಂದ್ಲೂ ಹಸು ಇಲ್ಲೇ ಕುಡಿಯೋದು. ಆಗ ಮೀನೂ ಇತ್ತು. ಚಿಕ್ಕವಳಾಗಿದ್ದಾಗ ನಾನೇ ಹಿಡಿದಿದ್ದೀನಿ. ಮೀನು ಹೋಗಿ ಮೂರ್ನಾಲ್ಕು ವರ್ಷ ಆಯ್ತು. ಹಸು ಏನು ಮೂರ್ನಾಲ್ಕು ವರ್ಷದ ಹಿಂದೆ ಹೊಸದಾಗಿ ನೀರು ಕುಡಿಯೋದು ಕಲಿತ್ವಾ?"

ಈ ಪ್ರಶ್ನೆ ನನ್ನ ತಲೆಯೊಳಗೆ ಮುಳ್ಳಿನಂತೆ ಕೂತುಬಿಟ್ಟಿತು. ಹಸು ಹಳೆಯದು, ಕೊಳೆ ಹೊಸದು. ಹಾಗಾದರೆ ಹೊಸತು ಏನು ಬಂತು? ಹೊಲದಾಚೆ ಸಾಲಾಗಿ ನಿಂತ ಹೊಸ ಮನೆಗಳ ಹಂಚು ಅಲ್ಲಿಂದಲೇ ಕಾಣುತ್ತಿತ್ತು. ಆದರೆ ಮನೆಗಳ ಕೊಳೆನೀರು ದೊಡ್ಡ ಪೈಪಿನಲ್ಲಿ ಊರಾಚೆಯ ಪ್ಲಾಂಟಿಗೆ ಹೋಗುತ್ತದೆ, ತೊರೆಗೆ ಬರುವುದು ಸೂರಿನ ಮಳೆನೀರು ಮಾತ್ರ ಎಂದು ಎಲ್ಲರಿಗೂ ಗೊತ್ತಿದ್ದದ್ದೇ.

"ನಿಮ್ಮ ಹೊಲದೊಳಗೆ ಇಳಿದು, ಹಸು ಕುಡಿಯೋ ಜಾಗಕ್ಕಿಂತ ಸ್ವಲ್ಪ ಮೇಲೆ ಒಂದ್ಸಲ ಬಲೆ ಹಾಕ್ಲಾ?" ಎಂದು ಕೇಳಿದೆ. ಅಲ್ಲಿ ಯಾರೂ ಅದುವರೆಗೆ ನೋಡಿರಲಿಲ್ಲ. ಹೊಲದ ಸುತ್ತಲಿನ ಬೇಲಿಯ ಮುಳ್ಳು ದಾಟುವ ಗೋಜು ಯಾರಿಗೂ ಬೇಕಿರಲಿಲ್ಲ.

"ಹಾಕು. ನನಗೇನು ಕಳ್ಕೊಳ್ಳೋಕೆ ಉಳಿದಿದೆ," ಎಂದು ಗೇಟು ತೆಗೆದಳು.

ಸೋಮವಾರ ಮಾಸ್ತರರ ಬಳಿ ಬಲೆ, ಟ್ರೇ ಕೇಳಿ ತಂದೆ. ಅವಳು ದಡದ ಮೇಲೆ ಕೈಕಟ್ಟಿ ನಿಂತಳು, ನಾನು ಒದೆದೆ. ಕಾಲಿಟ್ಟ ಕೂಡಲೇ ಗೊತ್ತಾಯಿತು. ಕಲ್ಲುಗಳ ಮೇಲೆ ಬೂದು ಬಣ್ಣದ ಲೋಳೆ, ಒದ್ದೆ ಹತ್ತಿಯ ಹಾಗೆ. ಹಸುಗಳು ಇನ್ನೂ ಕೆಳಗೆ. ಕೊಳೆ ಅವುಗಳಿಗಿಂತ ಮೇಲೆಯೇ ಇತ್ತು! ಟ್ರೇಯಲ್ಲಿ ಮಡಿವಂತರು ಒಬ್ಬರೂ ಇಲ್ಲ. ಅದೇ ಕೆಂಪು ಹುಳ. ಜೊತೆಗೆ, ರಾಡಿ ತಿಳಿಯಾದಂತೆ, ತಳದಲ್ಲಿ ಕಪ್ಪಗಿನ ಗುಂಡು ಗುಂಡು ಕಾಳುಗಳು ಕಂಡವು.

"ಅದೇನದು? ಹುಳದ ಮೊಟ್ಟೆನಾ?" ಅವಳು ಬಗ್ಗಿದಳು.

ಬೆರಳ ತುದಿಯಲ್ಲಿ ಒಂದನ್ನು ಎತ್ತಿದೆ. ಸಿಪ್ಪೆ ಬಿರಿದಿತ್ತು. ಪಕ್ಕದಲ್ಲಿ ಕೆಂಪಗೆ ಹುರಿದ ಅರ್ಧ ಉದ್ದಿನಬೇಳೆ. ಅದಕ್ಕೆ ಒತ್ತಿಕೊಂಡು, ನಡುವಿನ ನರ ಮಾತ್ರ ಗಟ್ಟಿಯಾಗಿ ಉಳಿದ ಒಂದು ಸಣ್ಣ ಎಲೆ. ಜುವಾಲಜಿ ಪುಸ್ತಕದ ಯಾವ ಪುಟದಲ್ಲೂ ಇಲ್ಲದ ಪ್ರಾಣಿ ಅದು. ನನ್ನ ಒಲೆಯ ಮೇಲೆ ದಿನಾ ಚಟಪಟ ಎನ್ನುವಂಥದ್ದು.

"ಮೊಟ್ಟೆ ಅಲ್ಲ," ಎಂದೆ. "ಇದು ನಮ್ಮ ಮಧ್ಯಾಹ್ನದ ಊಟ."

ಅವಳಿಗೆ ಒಗ್ಗರಣೆಯನ್ನು ವಿವರಿಸಿದೆ. ಎಣ್ಣೆ ಕಾಯಿಸಿ, ಸಾಸಿವೆ ಸಿಡಿಸಿ, ಬೇಳೆ, ಕರಿಬೇವು ಹಾಕಿ ಸಾರಿನ ಮೇಲೆ ಸುರಿಯುವುದು. ಅವಳು ಗಂಭೀರವಾಗಿ ಕೇಳಿಸಿಕೊಂಡಳು. ಆಮೇಲೆ ಇಬ್ಬರೂ ದಡದ ಮುಳ್ಳುಪೊದೆಯನ್ನು ಕೋಲಿನಿಂದ ಸರಿಸುತ್ತ ಮೇಲಕ್ಕೆ ಹೋದೆವು. ಸ್ವಲ್ಪ ದೂರದಲ್ಲೇ ಪೊದೆಯೊಳಗೆ ಅಡಗಿ ಕೂತಿತ್ತು, ಹೊಸ ಮನೆಗಳ ಸಾಲಿನ ಕಡೆಯಿಂದ ಬಂದ ಸಿಮೆಂಟಿನ ಪೈಪಿನ ಬಾಯಿ. ಮಳೆ ಬಂದು ಎಷ್ಟೋ ದಿನವಾಗಿದ್ದರೂ (ಐರ್ಲೆಂಡಿನಲ್ಲಿ ಅದೇ ಒಂದು ಸುದ್ದಿ) ಅದರಿಂದ ನೀರು ಜಿನುಗುತ್ತಿತ್ತು, ಸೋಪಿನ ವಾಸನೆಯ ನೀರು.

"ಹಾಗಾದ್ರೆ ನಿಮ್ಮವರ ಮನೆದು," ಎಂದಳು ಅವಳು.

ನನ್ನ ಮುಖ ಬಿಸಿಯಾಯಿತು. ಆ ಸಾಲಿನಲ್ಲಿ ನಮ್ಮವರ ಮನೆ ಇದ್ದದ್ದು ಒಂದೇ. ನಾಳೆಯೇ ಊರೆಲ್ಲ, ತೊರೆ ಕೆಡಿಸಿದ್ದು ಇಂಡಿಯನ್ನರ ಕರಿ ಎಂದು ಮಾತಾಡಿಕೊಳ್ಳುವುದು ಕಿವಿಗೆ ಕೇಳಿಸಿದಂತಾಯಿತು. ಅವಳಿಗೆ ಅದು ಗೊತ್ತಾಯಿತೇನೋ.

"ನೋಡು, ಬೆರಳು ತೋರಿಸ್ಕೊಳ್ಳೋದು ಹೆಂಗಿರುತ್ತೆ ಅಂತ ನನಗೆ ಗೊತ್ತು. ಮೊದ್ಲು ಖಚಿತ ಮಾಡ್ಕೋ. ಗುರುವಾರದ ತನಕ ನಾನು ಬಾಯಿ ಬಿಡಲ್ಲ. ಗುರುವಾರ ಮಾತ್ರ ನೀನು ಬಾಯಿ ಬಿಡ್ಬೇಕು, ಆಯ್ತಾ?"

ಆ ಮನೆಯಲ್ಲಿದ್ದದ್ದು ಮೈಸೂರಿನ ಒಂದು ಚಿಕ್ಕ ಸಂಸಾರ. ಗಂಡ ಡಬ್ಲಿನ್ನಿನ ಕಂಪ್ಯೂಟರ್ ಕಂಪನಿಗೆ ದಿನಾ ಓಡಾಡುವವನು. ಹೆಂಡತಿ ನನ್ನನ್ನು ಆಂಟಿ ಎಂದು ಕರೆಯುವ, ಮೂವತ್ತರ ಒಳಗಿನ ಹುಡುಗಿ. ಸ್ಕೂಲಿಗೆ ಹೋಗುವ ಒಬ್ಬಳು ಮಗಳು. ಅಂದು ಸಂಜೆಯೇ ಹೋದೆ. ಬೆಲ್ ಒತ್ತಿದರೆ ಬಾಗಿಲು ತೆಗೆಯಲಿಲ್ಲ, ಗ್ಯಾರೇಜಿನ ಷಟರು ಮೇಲೆದ್ದಿತು.

"ಬನ್ನಿ ಆಂಟಿ, ಇಲ್ಲೇ ಬನ್ನಿ. ಹುಳಿ ಕುದೀತಾ ಇದೆ."

ಕಾರು ನಿಲ್ಲಬೇಕಾದ ಜಾಗದಲ್ಲಿ ಎರಡು ಬರ್ನರಿನ ಸ್ಟವ್, ಸಾಲು ಸಾಲು ಡಬ್ಬಿ, ಗೋಡೆಗೆ ಆನಿಸಿದ ಮಣೆ, ಮೂಲೆಯಲ್ಲಿ ಸಿಂಕ್. ಒಳಗಿನ ಮಾಡ್ಯುಲರ್ ಕಿಚನ್ ಷೋರೂಮಿನ ಹಾಗೆ ಫಳಫಳ ಹೊಳೆಯುತ್ತಿತ್ತು, ಅಲ್ಲಿ ಟೀ ಕೂಡ ಕಾಯಿಸುತ್ತಿರಲಿಲ್ಲ.

"ಓನರ್ ಬಂದಾಗೆಲ್ಲ ಮೂಗು ಸಿಂಡರಿಸ್ತಾರೆ ಆಂಟಿ. ಇಂಗು ಹಾಕಿದ್ರೆ ಕರ್ಟನ್ ತಿಂಗಳುಗಟ್ಲೆ ನಾರುತ್ತಂತೆ. ಅದಕ್ಕೇ ಎಲ್ಲಾ ಇಲ್ಲೇ ಟ್ರಾನ್ಸ್‌ಫರ್."

"ಕರಿಬೇವು ಎಲ್ಲಿಂದ ತರ್ತೀಯ?"

"ಡಬ್ಲಿನ್ನಿಂದ! ಚಿನ್ನದ ಹಾಗೆ ಫ್ರೀಜರಲ್ಲಿ ಇಟ್ಕೊಂಡು ಬಳಸ್ತೀನಿ."

"ಮತ್ತೆ ಸಿಂಕಿಗೆ ಯಾಕೆ ಹಾಕ್ತೀಯ?"

"ನಾನೆಲ್ಲಿ ಹಾಕ್ತೀನಿ? ಇವ್ರು ತಟ್ಟೆ ಅಂಚಿಗೆ ಎತ್ತಿಡ್ತಾರೆ, ಮಗಳೂ ಅಪ್ಪನ್ನ ನೋಡಿ ಕಲ್ತಿದಾಳೆ. ತೊಳೆಯುವಾಗ ಒಂದೆರಡು ಹೋಗತ್ತೆ. ಯಾಕೆ ಆಂಟಿ, ಏನಾಯ್ತು?"

ಹೇಳಿದೆ. ಅವಳ ಸೌಟು ಗಾಳಿಯಲ್ಲೇ ನಿಂತಿತು. ಹೊಸ್ತಿಲಲ್ಲಿ ನಿಂತು ಕೇಳುತ್ತಿದ್ದ ಮಗಳು, ಇಲ್ಲಿನ ಕಿಲ್ಡೇರ್ ಸೀಮೆಯ ಅಪ್ಪಟ ರಾಗದಲ್ಲಿ, "ಮ್ಯಾಮಿ, ಆರ್ ವಿ ಇನ್ ಟ್ರಬಲ್?" ಎಂದಳು.

"ನೀನು ಹೋಂವರ್ಕ್ ಮಾಡು ಹೋಗೇ," ಎಂದು ಅವಳನ್ನು ಅಟ್ಟಿ, "ಈ ಸಿಂಕ್ ನಾವು ಹಾಕಿಸಿದ್ದಲ್ಲ ಆಂಟಿ. ಬಂದಾಗ್ಲೇ ಇತ್ತು. ವಾಷಿಂಗ್ ಮೆಷಿನ್‌ಗೂ ಇಲ್ಲೇ ಪಾಯಿಂಟ್ ಕೊಟ್ಟಿದಾರೆ. ಸಾಲಿನ ಎಲ್ಲಾ ಮನೇಲೂ ಹಿಂಗೇ," ಎಂದಳು.

ಎಲ್ಲಾ ಮನೆಯಲ್ಲೂ! ನನ್ನೊಳಗಿನ ಹಳೆಯ ಸ್ಟೂಡೆಂಟು ಕಿವಿ ನಿಮಿರಿಸಿದಳು. ನಮ್ಮೂರಿನಲ್ಲಾದರೆ ಬಚ್ಚಲು, ಮೋರಿ, ಮಳೆ ಎಲ್ಲ ಕೊನೆಗೆ ಒಂದೇ ಚರಂಡಿ. ಇಲ್ಲಿ ನೆಲದಡಿ ಎರಡು ಪೈಪು: ಒಂದು ಕೊಳೆಗೆ, ಒಂದು ಮಳೆಗೆ. ಅವಸರದಲ್ಲಿ ಕಟ್ಟಿದವರು ಗ್ಯಾರೇಜಿನ ಪೈಪನ್ನು ಹತ್ತಿರ ಸಿಕ್ಕ ಮಳೆಯ ಪೈಪಿಗೆ ಸೇರಿಸಿ ಮುಂದಿನ ಸೈಟಿಗೆ ಓಡಿರಬಹುದು. ಇರಬಹುದು ಎಂದರೆ ಸಾಲದು, ತೋರಿಸಬೇಕು. ಸಿಂಕಿಗೆ ಬಣ್ಣ ಸುರಿದು ಅದು ತೊರೆಗೆ ಬರುತ್ತದೆಯೇ ಎಂದು ನೋಡಬಹುದಿತ್ತು, ಆದರೆ ಮಾಸ್ತರರ ಬಳಿ ಬಣ್ಣದ ಪುಡಿ ಇರಲಿಲ್ಲ, ತರಿಸುವಷ್ಟರಲ್ಲಿ ಗುರುವಾರ ಮೀರುತ್ತಿತ್ತು.

"ಅರಿಶಿನ ಎಷ್ಟಿದೆ?" ಎಂದೆ.

ಹೊಸ ಮದುಮಕ್ಕಳಿಗೆ ನಿವಾಳಿಸುವ ಆರತಿಯ ಕೆಂಪು ನೀರು ಯಾರಿಗೆ ಗೊತ್ತಿಲ್ಲ? ಅರಿಶಿನಕ್ಕೆ ಸುಣ್ಣ ಬಿದ್ದರೆ ರಕ್ತಗೆಂಪು. ಸುಣ್ಣ ಇರಲಿಲ್ಲ, ಬಟ್ಟೆಗೆ ಹಾಕುವ ವಾಷಿಂಗ್ ಸೋಡ ಇತ್ತು. ಕೆಮಿಸ್ಟ್ರಿಗೆ ಎರಡೂ ಒಂದೇ.

ಬುಧವಾರ ಬೆಳಿಗ್ಗೆ ಆ ಮೈಸೂರಿನ ಹುಡುಗಿ ಬಕೆಟ್ಟಿನಲ್ಲಿ ಓಕುಳಿ ಕಲಸಿಟ್ಟಳು. ನಾನು, ಹೊಲದೊಡತಿ, ಮಾಸ್ತರು ಮೂವರೂ ಪೈಪಿನ ಬಾಯಿಯ ಮುಂದೆ ನಿಂತೆವು. ಮೊಬೈಲಿಗೆ ಹುಡುಗಿಯ ಮಿಸ್ಡ್ ಕಾಲ್ ಬಂತು. ಸಿಂಕಿಗೆ ಸುರಿದಾಯಿತು ಎಂದು ಅರ್ಥ. ಕಾದೆವು. ಮಾಸ್ತರು ಟೋಪಿ ತೆಗೆದು ಮತ್ತೆ ಹಾಕಿಕೊಂಡರು. ಏನೂ ಬರಲಿಲ್ಲ. ಹೊಲದೊಡತಿ ಪೈಪಿನ ಕತ್ತಲೆಯೊಳಗೇ ನೋಡುತ್ತ, ತುಟಿ ಅಲ್ಲಾಡಿಸುತ್ತಿದ್ದಳು. ಜಪವೋ ಬೈಗುಳವೋ ಕೇಳಿಸಲಿಲ್ಲ.

ಆಮೇಲೆ ಬಂತು. ಮೊದಲು ಎಳೆಯಂತೆ, ಆಮೇಲೆ ಧಾರೆಯಾಗಿ, ಕಡುಗೆಂಪು. ತೊರೆಯ ನೀರು ಸೇರಿದ್ದೇ ತಡ ಕೆಂಪು ಕರಗಿ, ಅಂಚಿನಲ್ಲಿ ಅರಿಶಿನದ ಹಳದಿ ಸೆರಗಾಗಿ ಸರಿದು ಹೋಯಿತು. ಸೋಡ ತೆಳುವಾದರೆ ಅರಿಶಿನ ತನ್ನ ಬಣ್ಣಕ್ಕೇ ಮರಳುತ್ತದೆ ಎಂದು ಗೊತ್ತಿದ್ದರೂ, ಹರಿಯುವ ನೀರಿನಲ್ಲಿ ಅದನ್ನು ಕಂಡದ್ದು ನಾನು ಅದೇ ಮೊದಲು. ಮೈಮರೆತು ನೋಡಿದೆ.

"ಜೀಸಸ್, ಮೇರಿ ಅಂಡ್ ಜೋಸೆಫ್! ಯಾರನ್ನ ಕೊಂದ್ರೇ ಮೇಲೆ?" ಎಂದಳು ಹೊಲದೊಡತಿ. ನಗುತ್ತಿದ್ದಳು, ಕಣ್ಣು ಒದ್ದೆಯಾಗಿತ್ತು.

ಮಾಸ್ತರರು ನೇರ ಆ ಸಾಲಿಗೆ ಹೋಗಿ ಒಂದೊಂದೇ ಬಾಗಿಲು ತಟ್ಟಿದರು. ಮಧ್ಯಾಹ್ನದೊಳಗೆ ಮಿಕ್ಕ ಓಕುಳಿ ಖಾಲಿ. ಬಾಗಿಲು ತೆರೆದ ಮನೆಗಳಲ್ಲಿ ಬಹುಪಾಲಿನ ಗ್ಯಾರೇಜ್ ನೀರು ತೊರೆಗೇ ಬರುತ್ತಿತ್ತು. ವಾಷಿಂಗ್ ಮೆಷಿನ್‌ಗಳು, ನಾಯಿ ತೊಳೆಯುವ ತೊಟ್ಟಿಗಳು, ಒಂದು ಮನೆಯ ಹೇರ್‌ಡ್ರೆಸಿಂಗ್ ಬೇಸಿನ್. ಸಂಜೆ ಹುಡುಗಿಯ ಫೋನ್ ಬಂತು.

"ಹಾಗಾದ್ರೆ ನಂದೊಂದೇ ಅಲ್ವಾ ಆಂಟಿ?"

"ಎಲ್ರದ್ದೂ ಬರ್ತಿತ್ತು ಕಣೇ. ನಿಂದು ಮಾತ್ರ ಗುರುತು ಸಿಕ್ತು."

ಗುರುವಾರದ ಸಭೆಯಲ್ಲಿ ನಾನು ಬಾಯಿ ಬಿಟ್ಟೆ. ಚರ್ಚಿನ ಪ್ಯಾರಿಷ್ ಹಾಲ್‌ನಲ್ಲಿ, ಕಾನ್ವೆಂಟಿನ ಎಲೊಕ್ಯೂಷನ್ ಕ್ಲಾಸಿನ ದನಿಯಲ್ಲಿ. ಬೇಲಿಯ ಗೊತ್ತುವಳಿ ಬದಿಗೆ ಸರಿಯಿತು. ಮೊದಲು ಪೈಪು, ಆಮೇಲೆ ದಡ ಎಂದಾಯಿತು. ಪೈಪು ಸರಿಪಡಿಸುವವರು ಯಾರು ಎಂಬ ಜಗಳ ಚಳಿಗಾಲ ಪೂರ್ತಿ ನಡೆದು, ಅಂತೂ ರಸ್ತೆ ಅಗೆದರು, ಮುಚ್ಚಿದರು.

ಒಂದು ವರ್ಷ ಕಳೆದ ಮೇಲೆ ಮತ್ತೆ ಬಲೆ ಹಾಕಿದೆವು. ಈ ಸಲ ಹೊಲದೊಡತಿಯೂ ಬೂಟು ಹಾಕಿಕೊಂಡು ನೀರಿಗಿಳಿದಿದ್ದಳು. ಪೈಪಿನ ಕೆಳಗೆ ಲೋಳೆ ಮಾಯವಾಗಿತ್ತು. ಟ್ರೇಯಲ್ಲಿ ಮೇಫ್ಲೈ ಮರಿಗಳು, ಕ್ಯಾಡಿಸ್ಸಿನ ಮರಳುಚೀಲಗಳು, ಮತ್ತೆ ಒಂದು, ಒಂದೇ ಒಂದು, ಎರಡು ಬಾಲದ್ದು! ಅವಳು ಉಸಿರು ಬಿಗಿಹಿಡಿದು ಅದನ್ನು ಚಮಚದಲ್ಲಿ ಎತ್ತಿ ನೋಡಿದಳು.

ಆಮೇಲೆ ಅವಳ ಹಸುಗಳು ಕುಡಿಯುವ ಜಾಗದ ಕೆಳಗೆ ಹಾಕಿದೆವು. ಹೋದ ವರ್ಷದಷ್ಟು ಕೆಟ್ಟದ್ದಾಗಿರಲಿಲ್ಲ. ಆದರೆ ಮಣ್ಣು ತುಳಿದು ತುಳಿದು ಕಲ್ಲುಗಳ ಸಂದಿ ಮುಚ್ಚಿಹೋಗಿತ್ತು. ಎರಡು ಬಾಲದ್ದು ಇಲ್ಲ. ಮೂರು ಬಾಲದ್ದೂ ಅಷ್ಟಕ್ಕಷ್ಟೇ. ಮಾಸ್ತರರು ನನ್ನನ್ನು ನೋಡಿದರು, ನಾನು ಮಾಸ್ತರರನ್ನು. ಯಾರು ಹೇಳುವುದು?

ಅವಳೇ ಹೇಳಿದಳು. "ಸರಿ. ನನ್ನ ಹೆಣ್ಮಕ್ಕಳದ್ದೂ ಒಂದು ಪಾಲಿದೆ."

ಬೇಲಿ ಹಾಕಿಸಲು ಅವಳೇ ಮುಂದಾದಳು, ತನ್ನ ಷರತ್ತಿನ ಮೇಲೆ. ದಡಕ್ಕೆಲ್ಲ ತಂತಿ, ಆದರೆ ಆ ಇಳಿಜಾರಿನಲ್ಲಿ ಮಾತ್ರ ಗಟ್ಟಿ ಜಲ್ಲಿ ಹಾಸಿ, ನೀರಿನ ಅಂಚಿಗೆ ಒಂದು ಅಡ್ಡಮರ. ಹಸು ಕತ್ತು ಚಾಚಿ ಕುಡಿಯಬಹುದು, ಕಾಲಿಡುವಂತಿಲ್ಲ. ಕೆಲಸ ಮುಗಿದ ದಿನ ನನಗೆ ಹೇಳಿಕಳಿಸಿದಳು. ಗೇಟು ತೆರೆದು ಹಸುಗಳನ್ನು ಬಿಟ್ಟಳು. ಅವು ಓಡಿ ಬಂದವು, ಜಲ್ಲಿಯ ಅಂಚಿನಲ್ಲಿ ಗಕ್ಕನೆ ನಿಂತವು. ಹೊಸ ನೆಲ, ಹೊಸ ಮರ. ಒಂದು ಮೂಸಿ ಹಿಂದೆ ಸರಿಯಿತು. ಇನ್ನೊಂದು ನಮ್ಮತ್ತ ತಿರುಗಿ, ಇದೇನು ಮಾಡಿಟ್ಟಿದ್ದೀರಿ ಎಂಬಂತೆ ಕೂಗಿತು. ಬಿಸಿಲಿನ ದಿನ, ಬಾಯಾರಿದ್ದವು, ಆದರೂ ಮುಂದಕ್ಕೆ ಬರಲೊಲ್ಲವು.

"ಕುಡೀದೇ ಇದ್ರೆ?" ಎಂದೆ.

"ಕುಡೀದೇ ಇದ್ರೆ ಮಾರ್ಬೇಕು," ಎಂದಳು ಮೆಲ್ಲಗೆ. ಅವಳ ಕೈ ನನ್ನ ಮೊಣಕೈಯನ್ನು ಹಿಡಿದಿತ್ತು. ಹಿಡಿದದ್ದು ಅವಳಿಗೇ ಗೊತ್ತಿರಲಿಲ್ಲವೆಂದು ಕಾಣುತ್ತದೆ.

ಮುದಿ ಹಸುವೊಂದು, ಬೆನ್ನಿನ ಮೂಳೆ ಎದ್ದು ಕಾಣುವಂಥದ್ದು, ಉಳಿದವನ್ನು ಪಕ್ಕಕ್ಕೆ ತಳ್ಳಿಕೊಂಡು ಬಂತು. ಜಲ್ಲಿಯ ಮೇಲೆ ಒಂದು ಗೊರಸು ಇಟ್ಟು, ತೆಗೆದು, ಮತ್ತೆ ಇಟ್ಟಿತು. ಅಡ್ಡಮರವನ್ನು ನಿಧಾನವಾಗಿ ನೆಕ್ಕಿತು. ಆಮೇಲೆ ಅದರಡಿ ಕತ್ತು ತೂರಿಸಿ, ಮೂಗು ನೀರಿಗೆ ಮುಟ್ಟಿಸಿ, ಸದ್ದು ಮಾಡುತ್ತ ಕುಡಿಯತೊಡಗಿತು. ಉಳಿದವು ಒಂದರ ಹಿಂದೆ ಒಂದು ಬಂದು ಸಾಲಾಗಿ ನಿಂತವು.

ಅವಳು ನನ್ನ ಮೊಣಕೈ ಬಿಟ್ಟಳು. "ಗ್ರ್ಯಾಂಡ್," ಎಂದಳು, ಎಲ್ಲ ಸರಿಹೋಯಿತು ಎನ್ನಲು ಇಲ್ಲಿಯವರು ಹೇಳುವ ಹಾಗೆ. "ಟೀ ಕುಡಿಯೋಣ ಬಾ."